ತೋಫುವನ್ನೂ ನಂಬುವಂತಿಲ್ಲ

ಚೀನಾಕ್ಕೆ ಕೆಲಸಕ್ಕೆ ಹೊರಟ ಸಸ್ಯಾಹಾರಿಗೆ ಎಲ್ಲರೂ ಹೇಳುವ ಧೈರ್ಯದ ಮಾತು ಒಂದೇ: "ಅಲ್ಲಿ ತೋಫು ಸಿಗುತ್ತೆ ಬಿಡು." ಸೋಯಾ ಹಾಲಿನ ಪನೀರಿನಂಥ ಈ ತೋಫು ಸಿಗುತ್ತದೆ, ಸುಳ್ಳಲ್ಲ. ನನಗೆ ಕೆಲಸ ಸಿಕ್ಕಿದ್ದು ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿ. ಮಾಪೋ ತೋಫು ಎಂಬ ಖಾರದ ಅಡುಗೆ ಹುಟ್ಟಿದ ಊರೇ ಅದು. ಕೆಂಪೆಣ್ಣೆಯಲ್ಲಿ ತೇಲುವ ಬಿಳಿ ತುಂಡುಗಳನ್ನು ನೋಡಿಯೇ ಬಾಯಲ್ಲಿ ನೀರೂರಿತು. ಮೇಲೆ ಉದುರಿಸಿದ್ದ ಕಂದು ಪುಡಿ ಏನೆಂದು ಕೇಳಿದೆ. ದನದ ಮಾಂಸದ ಕೈಮಾ! "ಮಾಂಸ ಬೇಡ ಅಂದಿದ್ದೆನಲ್ಲಾ?" ಎಂದರೆ ಪಕ್ಕದ ಸಹೋದ್ಯೋಗಿಗೆ ನಿಜಕ್ಕೂ ಆಶ್ಚರ್ಯ. "ಇದು ತೋಫು. ಮಾಂಸ ಸುಮ್ನೆ ರುಚಿಗೆ." ನಾವು ಸಾರಿಗೆ ಇಂಗು ಹಾಕಿದ ಹಾಗೆ, ಅಲ್ವಾ?

ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್ ಕಥೆಯೂ ಅಷ್ಟೇ. ನಡುವೆ ಗೋಡೆಯಿರುವ ಪಾತ್ರೆ ಬಂತು. ಒಂದು ಕಡೆ ಖಾರದ ಸಾರು, ಅದರಲ್ಲಿ ದನದ ಕೊಬ್ಬು. ಇನ್ನೊಂದು ಕಡೆ ಸಪ್ಪೆ ಸಾರು, ಅದು ಮೂಳೆ ಬೇಯಿಸಿದ ನೀರು. ನನಗೆಂದೇ ಅಣಬೆ ಸಾರು ತರಿಸಿದರು. ಖುಷಿಯಿಂದ ತಾವರೆ ದಂಟು ಬೇಯಿಸುತ್ತಿದ್ದೆ. ಎದುರು ಕೂತಿದ್ದ ಹಿರಿಯರಿಗೆ ಪ್ರೀತಿ ಉಕ್ಕಿತು. ತಮ್ಮ ಪಾಲಿನ ಮಾಂಸದ ತುಂಡೊಂದನ್ನು ನನ್ನ ಸಾರಿಗೇ ಅದ್ದಿ ತಟ್ಟೆಗೆ ಹಾಕಿದರು.

ಔತಣದ ದುಂಡು ಮೇಜಿನದು ಬೇರೆ ಫಜೀತಿ. ನಡುವಿನ ಗಾಜಿನ ತಟ್ಟೆ ತಿರುಗುತ್ತಲೇ ಇರುತ್ತದೆ. ಬದನೆಕಾಯಿ ನನ್ನ ಹತ್ತಿರ ಬಂತು ಅನ್ನುವಷ್ಟರಲ್ಲಿ ಯಾರೋ ತಿರುಗಿಸುತ್ತಾರೆ. ಇಡೀ ಮೀನೊಂದು ನನ್ನನ್ನೇ ನೋಡುತ್ತಾ ನಿಲ್ಲುತ್ತದೆ. ಅನ್ನ ತಿಂದು ಹೊಟ್ಟೆ ತುಂಬಿಸೋಣ ಅಂದರೆ ಅದು ಬರುವುದೇ ಕೊನೆಗೆ, ಉಳಿದವರೆಲ್ಲ ಬೇಡ ಅನ್ನುವ ಹೊತ್ತಿಗೆ.

ನನಗೆ ನೆಂಟನಂತೆ ಕಂಡಿದ್ದು ಸಿಚುವಾನ್ ಮೆಣಸು ಮಾತ್ರ. ಹೊಸಬರು ಅದರ ಜುಮ್ಮಿಗೆ ಹೌಹಾರುತ್ತಾರೆ. ಶಿರಸಿ ಕಡೆಯವನಾದ ನನಗೆ ಜುಮ್ಮನಕಾಯಿ ತಂಬುಳಿ ನೆನಪಾಯಿತು. ಎರಡೂ ಒಂದೇ ಕುಲದ ಗಿಡಗಳು. "ಇದು ನಮ್ಮ ಕಾಡಲ್ಲೂ ಇದೆ" ಅಂದರೆ ಆಫೀಸಿನಲ್ಲಿ ಯಾರೂ ನಂಬಲಿಲ್ಲ. ಪೌರುಷ ತೋರಿಸಲು ಒಂದು ಹಿಡಿ ಸಿಪ್ಪೆ ಜಗಿದೆ. ಆಮೇಲಿನ ಮೀಟಿಂಗಿನಲ್ಲಿ ನನ್ನ ತುಟಿ ನನ್ನ ಮಾತು ಕೇಳಲಿಲ್ಲ. ನಾನು ಹೇಳಬೇಕಾದ್ದನ್ನೆಲ್ಲ ಬೇರೆಯವರು ಹೇಳಿದರು.

ಕೊನೆಗೆ ಸಹೋದ್ಯೋಗಿಗಳೇ ಕನಿಕರಪಟ್ಟು ವೆನ್‌ಶು ಬೌದ್ಧ ಮಠದ ಸಸ್ಯಾಹಾರಿ ಹೋಟೆಲಿಗೆ ಕರೆದುಕೊಂಡು ಹೋದರು. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲದ ಅಡುಗೆ. ನಮ್ಮಜ್ಜಿಯೂ ಒಪ್ಪುವಷ್ಟು ಮಡಿ! ಆದರೆ ಮೇಜಿಗೆ ಬಂದದ್ದು ಮೀನು, ಪಕ್ಕದಲ್ಲಿ ಪಕ್ಕೆಲುಬು. ಎಲ್ಲ ಸೋಯಾದ್ದೇ ಅಂತೆ. ಅಡುಗೆಯವರ ಕೈಚಳಕ ಎಷ್ಟಿತ್ತೆಂದರೆ ನನ್ನ ಕೈ ಮುಂದೆ ಹೋಗಲೇ ಇಲ್ಲ. ಮಾಂಸಾಹಾರಿಗಳೆಲ್ಲ ಬಾಯಿ ಚಪ್ಪರಿಸಿ ಅದನ್ನು ಖಾಲಿ ಮಾಡಿದರು. ನಾನು ಎಲೆಕೋಸಿನ ಪಲ್ಯದಲ್ಲಿ ಅನ್ನ ತಿಂದೆ. ಬಿಲ್ಲು ಮಾತ್ರ ನನ್ನ ಪಾಲಿಗೆ ಬಂತು. ಬಂದದ್ದೇ ನನಗೋಸ್ಕರ ಅಲ್ವಾ!