ವಾಪೋಲ್ ಮತ್ತು ಮೂರು ಸೀನು

ಕೋಡುಬಳೆ ಕಡಿಯಲು ಹೋಗಿ ಹಲ್ಲಿನ ಚೂರೊಂದು ಎಗರಿತು. ತಪ್ಪು ಕೋಡುಬಳೆಯದೋ ಹಲ್ಲಿನದೋ ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕೋಡುಬಳೆ ಮಾಡಿದವರು ಹಲ್ಲಿನದೇ ಅನ್ನುತ್ತಾರೆ. ಹಾಗಾಗಿ ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಟೋಕನ್ ಹಿಡಿದು ಕೂತಿದ್ದೆ. ನನ್ನದು 23. ಒಳಗೆ ಹೋಗಿದ್ದು 9. ಕೌಂಟರಿನಲ್ಲಿ ಕೇಳಿದರೆ ತಲೆಯನ್ನೂ ಎತ್ತದೆ "ಕೂತ್ಕೊಳಿ ಸಾರ್, ಕರೀತೀವಿ" ಅಂದರು.

ಜೊತೆಗೆ ಬಂದಿದ್ದ ಅಕ್ಕನ ಮಗ, ಮಾವನ ಗೊಣಗಾಟ ತಡೆಯಲಾರದೆ, ಬ್ಯಾಗಿನಿಂದ ಪುಸ್ತಕವೊಂದನ್ನು ತೆಗೆದುಕೊಟ್ಟ. ಒನ್ ಪೀಸ್ ಅನ್ನುವ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, 16ನೇ ಸಂಪುಟ. ತೆರೆದೆ. "ಮಾವ, ಅದು ಕೊನೇ ಪುಟ." ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು ಅಂತ ನನಗೇನು ಗೊತ್ತು. 1997ರಲ್ಲಿ ಶುರುವಾದ ಕಥೆ ಇನ್ನೂ ಮುಗಿದಿಲ್ಲವಂತೆ. ಥೇಟ್ ನನ್ನ ಟೋಕನ್.

ಅದರಲ್ಲೊಬ್ಬ ರಾಜ, ವಾಪೋಲ್. ತಗಡಿನ ದವಡೆ. ಮನೆ, ಫಿರಂಗಿ, ಹಡಗು, ಏನು ಸಿಕ್ಕರೂ ಕಚ್ಚಿ ತಿನ್ನುತ್ತಾನೆ. ಇಲ್ಲಿ ನನಗೆ ಒಂದು ಕೋಡುಬಳೆಗೆ ಗತಿಯಿಲ್ಲ. ಅದಿರಲಿ. ಅವನು ತನ್ನ ಹಿಮದ ದೇಶದಲ್ಲಿದ್ದ ಡಾಕ್ಟರುಗಳನ್ನೆಲ್ಲ ಓಡಿಸಿ, 20 ಜನರನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಂಡಿದ್ದಾನೆ. ಕಾಯಿಲೆ ಬಿದ್ದವರು ಅವನ ಕಾಲಿಗೂ ಬೀಳಬೇಕು. ಇಷ್ಟು ಓದಿ ತಲೆ ಎತ್ತಿ ಕೌಂಟರಿನ ಕಡೆ ಒಮ್ಮೆ ನೋಡಿದೆ.

ಇಂಥ ಪ್ರತಾಪಿ, ಬ್ಲಾಕ್‌ಬಿಯರ್ಡ್‌ನ ಕಡೆಯ ಬರೀ ಐದು ಜನ ಕಡಲ್ಗಳ್ಳರು ಬಂದರು ಅನ್ನುವಾಗ ರಾಜ್ಯ ಬಿಟ್ಟು ಎಲ್ಲರಿಗಿಂತ ಮುಂಚೆ ಓಡಿದ. ಉತ್ತರನ ಪೌರುಷ ಒಲೆ ಮುಂದೆ ಅಂತ ನಾವು ಸುಮ್ನೆ ಆ ಹುಡುಗನನ್ನು ಆಡಿಕೊಳ್ಳುತ್ತೇವೆ. ಪಾಪ, ಅವನು ಕೊನೆಗಾದರೂ ಅರ್ಜುನನಿಗೆ ಸಾರಥಿಯಾಗಿ ನಿಂತ. ಈ ವಾಪೋಲ್ ಎಲ್ಲ ತಣ್ಣಗಾದ ಮೇಲೆ ವಾಪಸ್ ಬಂದು, ನಾನೇ ರಾಜ, ಕೋಟೆ ಬಿಡಿ ಅನ್ನುತ್ತಾನೆ!

ಇವನನ್ನು ಎಲ್ಲೋ ನೋಡಿದ್ದೇನೆ ಅನಿಸುತ್ತಿತ್ತು. ಹೊಳೆಯಿತು. ನಮ್ಮ ಬಡಾವಣೆ ಸಂಘದ ಹಳೇ ಅಧ್ಯಕ್ಷರು.

ಬಡಾವಣೆಗೆಲ್ಲ ಇದ್ದದ್ದು ಒಂದೇ ಬೋರ್‌ವೆಲ್. ಅದರ ಮೋಟರ್ ರೂಮಿನ ಬೀಗದಕೈಯನ್ನು ಇವರು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದರು. ಬೆಳಿಗ್ಗೆ ಎದುರಿಗೆ ಸಿಕ್ಕಾಗ "ನಮಸ್ಕಾರ ಸಾರ್" ಅಂದವರ ಬೀದಿಗೆ ಒಂದು ಗಂಟೆ ನೀರು. ಮರೆತವರ ಬೀದಿಗೆ ಇಪ್ಪತ್ತು ನಿಮಿಷ. ನಾನು ಕನ್ನಡಕ ಮರೆತು ಹೊರಟ ದಿನ ನಮ್ಮ ಇಡೀ ಬೀದಿ ಸ್ನಾನ ಮಾಡಲಿಲ್ಲ, ಆಮೇಲೆ ಒಂದು ವಾರ ಅಕ್ಕಪಕ್ಕದವರು ನನ್ನ ಜೊತೆ ಮಾತೂ ಆಡಲಿಲ್ಲ. ಅಧ್ಯಕ್ಷರಿಗೊಂದು ಅಭ್ಯಾಸ. ಸೀನಿದರೆ ಮೂರೇ ಸೀನು, ಮೂರನೆಯದು ಕೊನೇ ಬೀದಿಗೂ ಕೇಳಬೇಕು.

ಒಂದು ಬೇಸಿಗೆ ಮೂರು ದಿನ ನೀರಿಲ್ಲ. ನಾಲ್ಕನೇ ದಿನ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಅವರ ಗೇಟಿನ ಮುಂದೆ ನಿಂತರು. ಗಂಡಸರು ನಾವು ಸ್ವಲ್ಪ ಹಿಂದೆಯೇ ನಿಂತಿದ್ದೆವು, ನಿಜ ಹೇಳಬೇಕಲ್ವಾ. ಅವರ ಹೆಂಡತಿ ಹೊರಗೆ ಬಂದು "ಇವ್ರು ಊರಲ್ಲಿಲ್ಲ" ಅಂದರು. ಎಲ್ಲರೂ ನಂಬಿ ಹೊರಡುವಷ್ಟರಲ್ಲಿ ಅಟ್ಟದ ಮೇಲಿಂದ ಒಂದು ಸೀನು. ಎರಡು. ಮೂರನೆಯದಕ್ಕೆ ಅಟ್ಟದಿಂದ ಏನೋ ಪಾತ್ರೆಯೂ ಬಿತ್ತು. ಆಯಮ್ಮ ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಒಳಗೆ ಹೋದರು. ಬರುವಾಗ ಕೈಯಲ್ಲಿ ಬೀಗದಕೈ, ಉಡಿದಾರದ ಸಮೇತ.

ವಾಪೋಲನಿಗೂ ಇದೇ ಆಗುತ್ತದೆ. ಲುಫಿ ಅನ್ನುವ ರಬ್ಬರ್ ಹುಡುಗನಿಗೆ ಹೆದರಿ, ಆಯುಧದ ಕೋಣೆಗೆ ಓಡಿದರೆ ಜೇಬಿನಲ್ಲಿ ಬೀಗದಕೈ ಇಲ್ಲ. ನಾಮಿ ಅನ್ನುವ ಹುಡುಗಿ ಎಗರಿಸಿದ್ದಾಳೆ. ದೊಡ್ಡ ಫಿರಂಗಿ ಹಾರಿಸೋಣ ಅಂದರೆ ಅದರೊಳಗೆ ಹಕ್ಕಿ ಗೂಡು ಕಟ್ಟಿದೆ. ಆಮೇಲೆ ಬಿದ್ದ ಒಂದು ಹೊಡೆತಕ್ಕೆ ಆಕಾಶಕ್ಕೆ ಹಾರಿಹೋದ.

ನಾನು ಪುಸ್ತಕದಲ್ಲಿದ್ದಷ್ಟು ಓದಿದೆ, ಮಿಕ್ಕಿದ್ದನ್ನು ಹುಡುಗ ಹೇಳಿದ. ಅಲ್ಲಿಗೇ ನಿಲ್ಲಿಸಬಾರದೇ? "ಆಮೇಲೆ ಅವ್ನು ಸಾಹುಕಾರ ಆಗ್ತಾನೆ ಮಾವ" ಅಂದ. ಬೀದಿಪಾಲಾಗಿ ಕಸ ತಿಂದ. ತಿಂದ ಕಸವೇ ಹೊಟ್ಟೆಯೊಳಗೆ ಆಟಿಕೆಯಾಯಿತು, ಮಾರಿದ, ಫ್ಯಾಕ್ಟರಿ ಇಟ್ಟ, ಆ ಆಟಿಕೆಯ ಲೋಹಕ್ಕೆ ಅವನದೇ ಹೆಸರು ಬಂತು, ಸುಂದರಿಯೊಬ್ಬಳನ್ನು ಮದುವೆಯಾದ, ಮತ್ತೆ ರಾಜನೂ ಆದ. ಇದೆಲ್ಲ ಅಧ್ಯಾಯಗಳ ಮುಖಪುಟದ ಸಣ್ಣ ಚಿತ್ರಗಳಲ್ಲೇ ನಡೆದುಹೋಗುತ್ತದಂತೆ. ಬರೆದ ಐಚಿರೊ ಓಡಾ ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ಆ ಹಿರಿಲುಕ್ ಅನ್ನುವ ಅರೆಬರೆ ಡಾಕ್ಟರು ಏನು ತಪ್ಪು ಮಾಡಿದ್ದರು? 20 ಡಾಕ್ಟರಿಗೂ ಕಾಯಿಲೆ ಅಂತ ಸುಳ್ಳು ಸುದ್ದಿ ಹಬ್ಬಿಸಿದ್ದು ಇದೇ ರಾಜ. ಮುದುಕ ನಂಬಿ ಓಡೋಡಿ ಕೋಟೆಗೆ ಬಂದು, ಎದುರಿಗೆ ಬಂದೂಕು ಕಂಡರೂ, ಸದ್ಯ ಯಾರಿಗೂ ಕಾಯಿಲೆ ಇಲ್ಲವಲ್ಲ ಅಂತ ಸಮಾಧಾನಪಟ್ಟುಕೊಂಡರು. ಅವರು ಸತ್ತರು. ಇವನಿಗೆ ಫ್ಯಾಕ್ಟರಿ!

"23!" ಅಂತ ಕೂಗಿದರು. ಒಳಗೆ ಹೋದೆ, ಸೂಜಿ ಚುಚ್ಚಿದರು, ಅರ್ಧ ಮುಖ ಮರಗಟ್ಟಿತು. ಹೊರಗೆ ಬರುವಷ್ಟರಲ್ಲಿ ಮನೆಯಿಂದ ಫೋನು, ಸಂಪು ಖಾಲಿ, ಟ್ಯಾಂಕರಿಗೆ ಹೇಳಿ. ನಮ್ಮ ಕಡೆ ಟ್ಯಾಂಕರ್ ಅಂದರೆ ಈಗ ಒಬ್ಬರದೇ, ನಾಲ್ಕು ಗಾಡಿ ಓಡುತ್ತವೆ. ನಂಬರ್ ಒತ್ತಿದೆ. ಮರಗಟ್ಟಿದ ಬಾಯಲ್ಲಿ "ನಮಚ್ಕಾಲ ಚಾಲ್" ಅಂದೆ.

"ಯಾರ್ರೀ ಅದು?" ಅಂದವರು, ಮುಂದೆ ಮಾತಾಡುವ ಮುಂಚೆ ಮೂರು ಸಲ ಸೀನಿದರು.