ಮುಷ್ಟಿಯೊಳಗಿನ ಮೂರು ಗುಂಡಿ

ಮೂರೂ ಎರಡೂ ಐದು. ಇದನ್ನು ಯಾವಾಗ ಕಲಿತೆ ಅಂತ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಹುಟ್ಟುವಾಗಲೇ ಗೊತ್ತಿತ್ತೇನೋ ಅನ್ನುವಷ್ಟು ಹಳೆಯ ವಿದ್ಯೆ. ಅಣ್ಣನ ಐದು ವರ್ಷದ ಮಗಳಿಗೆ ಅದನ್ನು ಹೇಳಿಕೊಡಲು ಕೂತ ದಿನ ನನ್ನ ಜಂಬ ಇಳಿಯಿತು.

ಹಳೆಯ ಅಂಗಿಗುಂಡಿಗಳ ಡಬ್ಬಿ ತಂದು ನೆಲದ ಮೇಲೆ ಸುರಿದೆ. ಮೂರು ಈ ಕಡೆ, ಎರಡು ಆ ಕಡೆ. ‘ಎಲ್ಲಾ ಸೇರಿ ಎಷ್ಟು?’ ಅಂದೆ. ‘ಚಿಕ್ಕಪ್ಪಾ, ಈ ಕೆಂಪು ಗುಂಡಿ ನಂಗೆ ಕೊಡ್ತೀಯಾ?’ ಅಂದಳು. ಲೆಕ್ಕದ ಸಾಮಾನು ಜಾಸ್ತಿ ಚೆಂದ ಇರಬಾರದು. ಹೊಳೆಯುವ ಮಣಿ, ಪುಟಾಣಿ ಕಾರು ಇಟ್ಟರೆ ಲೆಕ್ಕ ಹೋಗಿ ಆಟ ಉಳಿಯುತ್ತದೆ. ಒಂದೇ ಥರದ ಮಂಕು ಗುಂಡಿಗಳನ್ನು ಆರಿಸಿಟ್ಟ ಮೇಲೇ ನಮ್ಮ ಪಾಠ ಶುರುವಾಗಿದ್ದು.

ಶುರುವಾಯಿತು ಅಂದೆನಷ್ಟೆ, ಸಾಗಲಿಲ್ಲ. ಅವಳ ಬಾಯಿಗೆ ಅವಸರ, ಬೆರಳಿಗೆ ನಿಧಾನ. ಬಾಯಿ ಏಳು ಅನ್ನುವಾಗ ಬೆರಳು ಇನ್ನೂ ನಾಲ್ಕನೆಯ ಗುಂಡಿಯ ಮೇಲೆ. ಎಣಿಸಿದ್ದನ್ನು ಪಕ್ಕಕ್ಕೆ ಸರಿಸುತ್ತಾ ಹೋಗು ಅಂದ ಮೇಲೆ ಇಬ್ಬರ ಜಗಳ ನಿಂತಿತು. ‘ಒಂದು, ಎರಡು, ಮೂರು, ನಾಲ್ಕು, ಐದು.’ ಸರಿ, ಒಟ್ಟು ಎಷ್ಟು? ಮತ್ತೆ ಮೊದಲಿಂದ, ‘ಒಂದು, ಎರಡು...’ ಕೊನೆಗೆ ಹೇಳಿದ ಐದು ಇಡೀ ಗುಂಪಿನ ಲೆಕ್ಕ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಅವಳ ಪಾಲಿಗೆ ಅದು ಕೊನೆಯ ಗುಂಡಿಯ ಹೆಸರು, ಅಷ್ಟೇ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ ಮಕ್ಕಳ ಮುಂದೆ ಅಷ್ಟಷ್ಟೇ ಸಾಮಾನಿನ ಎರಡು ಸಮ ಸಾಲು ಜೋಡಿಸಿ, ಒಂದನ್ನು ಅಗಲಿಸಿ, ಈಗ ಯಾವುದರಲ್ಲಿ ಜಾಸ್ತಿ ಅಂತ ಕೇಳುತ್ತಿದ್ದರು. ಚಿಕ್ಕ ಮಕ್ಕಳು ಉದ್ದ ಸಾಲನ್ನೇ ತೋರಿಸುತ್ತಿದ್ದರು. ನಾನೂ ಮಾಡಿ ನೋಡಿದೆ. ನಮ್ಮವಳು ಯೋಚಿಸಲೂ ಇಲ್ಲ, ಉದ್ದದ್ದಕ್ಕೇ ಬೆರಳಿಟ್ಟಳು.

ಈ ನಡುವೆ ಒಂದು ಗುಂಡಿ ಉರುಳಿ ಮಂಚದ ಕೆಳಗೆ ಹೋಯಿತು. ‘ಕಳೆದುಹೋಯ್ತು’ ಅಂದಳು. ಕೂಡುವುದಕ್ಕಿಂತ ಕಳೆಯುವುದು ಎಷ್ಟು ಸಲೀಸು!

ಗುಂಡಿ ಸಾಲದಿದ್ದರೆ ಬೆರಳು ಇದ್ದೇ ಇದೆ. ಬೆರಳು ಮಡಚಿ ಎಣಿಸುವ ಮಕ್ಕಳನ್ನು ಗದರುವ ದೊಡ್ಡವರನ್ನು ಕಂಡರೆ ನನಗೆ ರೇಗುತ್ತದೆ. ದೊಡ್ಡ ತರಗತಿಯ ಗಣಿತದಲ್ಲಿ ಕ್ಯಾಲ್ಕುಲಸ್ ಅನ್ನುವ ಆ ಹೆದರಿಸುವ ಹೆಸರಿದೆಯಲ್ಲ, ಲ್ಯಾಟಿನ್‌ನಲ್ಲಿ ಅದರ ಅರ್ಥ ಪುಟ್ಟ ಕಲ್ಲು. ಆ ಲ್ಯಾಟಿನ್ ಮಾತಾಡುತ್ತಿದ್ದ ಹಳೆಯ ರೋಮನ್ನರೂ ಕಲ್ಲಿಟ್ಟೇ ಲೆಕ್ಕ ಮಾಡಿದವರು.

ನಿಜವಾದ ಕಷ್ಟ ಬಂದದ್ದು ಆಮೇಲೆ. ಮೂರು ಗುಂಡಿ ಅಂತ ಈಗಷ್ಟೇ ಎಣಿಸಿರುತ್ತಾಳೆ. ಪಕ್ಕಕ್ಕೆ ಎರಡು ಇಟ್ಟರೆ ‘ನಾಲ್ಕು, ಐದು’ ಅಂತ ಮುಂದುವರಿಯಬಹುದಲ್ವಾ? ಊಹೂಂ. ಮತ್ತೆ ಒಂದರಿಂದ. ಉಪಾಯ ಮಾಡಿ ಆ ಮೂರನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡೆ. ‘ಇದರಲ್ಲಿ ಮೂರಿದೆ. ಈಗ ಹೇಳು.’ ಅವಳು ಹೇಳಿದ್ದು ಇಷ್ಟು: ‘ಕೈ ಬಿಡು. ಕಾಣದೇ ಇದ್ರೆ ಹೆಂಗೆ ಎಣಿಸೋದು?’

ನ್ಯಾಯವಾದ ಮಾತೇ. ಬೆಲ್ಜಿಯಂನ ಮೇಷ್ಟ್ರು ಜಾರ್ಜ್ ಕ್ವಿಸೆನೇರ್ ಲೆಕ್ಕ ಕಲಿಸಲು ಮಾಡಿದ ಬಣ್ಣದ ಕಡ್ಡಿಗಳೂ ಇಂಥ ಮುಚ್ಚಿದ ಮುಷ್ಟಿಗಳೇ. 1 ಸೆಂಟಿಮೀಟರಿನಿಂದ 10ರವರೆಗೆ ಹತ್ತು ಅಳತೆ. ಮೂರರ ಕಡ್ಡಿಯ ತುದಿಗೆ ಎರಡರ ಕಡ್ಡಿ ಇಟ್ಟರೆ ಐದರ ಕಡ್ಡಿಗೆ ಸರಿಯಾಗುತ್ತದೆ. ಮೈಮೇಲೆ ಗೆರೆಯೂ ಇಲ್ಲ, ಎಣಿಸಲು ಒಂದೊಂದಾಗಿ ಏನೂ ಸಿಗುವುದಿಲ್ಲ. ಮೂರು ಅಂದರೆ ಮೂರು, ನಂಬಬೇಕು. ನಾವೆಲ್ಲ ಯಾವಾಗಲೋ ಸುಮ್ನೆ ನಂಬಿಬಿಟ್ಟಿದ್ದೇವೆ. ಅವಳು ಪುರಾವೆ ಕೇಳುತ್ತಿದ್ದಳು.

ಬಲವಂತ ಮಾಡಲಿಲ್ಲ. ದಿನಕ್ಕೆ ಹತ್ತು ನಿಮಿಷ ಗುಂಡಿ ಹರವುವುದು, ಎಣಿಸುವುದು, ಡಬ್ಬಿಗೆ ತುಂಬುವುದು. ಎಷ್ಟೋ ವಾರ ಹೀಗೇ ಹೋಯಿತು. ಒಂದು ಸಂಜೆ ಮತ್ತೆ ಮೂರನ್ನು ಮುಷ್ಟಿಯಲ್ಲಿ ಮುಚ್ಚಿ ಎರಡನ್ನು ಹೊರಗಿಟ್ಟೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮುಷ್ಟಿಯ ಮೇಲೆ ಮೆಲ್ಲಗೆ ತಟ್ಟಿ ‘ಮೂರು’ ಅಂದಳು. ಹೊರಗಿನ ಗುಂಡಿಗಳನ್ನು ಮುಟ್ಟಿ ‘ನಾಲ್ಕು... ಐದು.’

ನಾನು ಚಪ್ಪಾಳೆ ತಟ್ಟಲು ಹೋದೆ. ಬಿಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಳಗೆ ಮೂರೇ ಇದೆಯಾ ಅಂತ ನೋಡಿದಳು.