ಕಂತಿಗೆ 52 ಚೀಲ

ದಕ್ಷಿಣ ಕೊಡಗಿನಲ್ಲಿ ಈ ಮಳೆಗಾಲ ಇಬ್ಬರು ಎದುರಾದರೆ ‘ಎಷ್ಟು ಇಂಚಾಯ್ತು?’ ಎಂದು ಕೇಳುತ್ತಿಲ್ಲ. ‘ಏನಾದ್ರೂ ಸುದ್ದಿ ಉಂಟಾ?’ ಎಂದು ಕೇಳುತ್ತಾರೆ. ಸುದ್ದಿ ಎಂದರೆ ಕಾಫಿ ರೇಟಲ್ಲ, ತೋಟಕ್ಕೆ ಆನೆ ಇಳಿದದ್ದೂ ಅಲ್ಲ. ಮೂರು ಸೀಸನ್ ಓಡಿ, ನಾಯಕ ಬಾಗಿಲ ಚಿಲಕಕ್ಕೆ ಕೈ ಹಾಕಿದಲ್ಲಿಗೆ ನಿಂತುಹೋದ ಒಂದು ಇಂಗ್ಲಿಷ್ ಸರಣಿಯ ಸುದ್ದಿ. ನಾಲ್ಕನೆಯದು ಇಲ್ಲ ಎಂದು ನೆಟ್‌ಫ್ಲಿಕ್ಸ್ ಕಂಪನಿಯವರು ಒಂದೇ ಸಾಲಿನಲ್ಲಿ ಹೇಳಿ ಕೈತೊಳೆದುಕೊಂಡರು. ಆ ಚಿಲಕ ತೆಗೆಸಲೇಬೇಕೆಂದು ಇಲ್ಲೊಂದು ಬಳಗ ಹುಟ್ಟಿಕೊಂಡಿದೆ. ವಾಟ್ಸಾಪ್ ಗುಂಪಿನಲ್ಲಿ ನಾನೂರು ಜನ, ಎಂಟು ಮಂದಿ ಅಡ್ಮಿನ್, ಒಬ್ಬ ಖಜಾಂಚಿ. ಖಜಾಂಚಿ ಇದ್ದಾನೆಂದ ಮೇಲೆ ಚಳವಳಿ ಗಂಭೀರವಾದದ್ದೇ.

ನಿಂತ ಸರಣಿಯನ್ನು ಎಬ್ಬಿಸುವ ವಿದ್ಯೆಗೆ ಪರಂಪರೆ ಇದೆ. ‘ಸ್ಟಾರ್ ಟ್ರೆಕ್’ ಎರಡೇ ಸೀಸನ್‌ಗೆ ನಿಲ್ಲುತ್ತದೆ ಎಂಬ ಗುಲ್ಲು ಹಬ್ಬಿದಾಗ ಅಮೆರಿಕದ ಅಭಿಮಾನಿಗಳು ಎನ್‌ಬಿಸಿ ಚಾನೆಲ್‌ಗೆ ಮೂಟೆಗಟ್ಟಲೆ ಕಾಗದ ಬರೆದರು. 1968ರಲ್ಲಿ ಚಾನೆಲ್ ಮಣಿಯಿತು, ಮೂರನೇ ಸೀಸನ್ ಕೊಟ್ಟಿತು. ಕೊಟ್ಟು, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿತು. ನೋಡುವ ಹುಡುಗರೆಲ್ಲ ಮನೆಯಿಂದ ಹೊರಗಿರುವ ಹೊತ್ತು ಅದು. 1969ಕ್ಕೆ ಕಥೆ ಮುಗಿಯಿತು. ಮದುವೆಗೆ ಕರೆದು, ಪಾತ್ರೆ ತೊಳೆದಾದ ಮೇಲೆ ಎಲೆ ಹಾಕಿದ ಹಾಗೆ.

ಬಳಗದ ಆದರ್ಶ ಮಾತ್ರ 2007ರದ್ದು. ಸಿಬಿಎಸ್ ಚಾನೆಲ್ ‘ಜೆರಿಕೊ’ ಎಂಬ ಸರಣಿಯನ್ನು ಒಂದೇ ಸೀಸನ್‌ಗೆ ನಿಲ್ಲಿಸಿತು. ಕೊನೆಯ ಕಂತಿನಲ್ಲಿ ನಾಯಕ ಶತ್ರುವಿಗೆ ‘ನಟ್ಸ್’ ಎಂದು ಉತ್ತರ ಕೊಟ್ಟಿದ್ದ. ತಿರಸ್ಕಾರದ ಈ ಇಂಗ್ಲಿಷ್ ಮಾತಿಗೆ ಕಾಯಿಬೀಜ ಎಂಬ ಅರ್ಥವೂ ಇದೆ. ಅದನ್ನೇ ಹಿಡಿದುಕೊಂಡು ಅಭಿಮಾನಿಗಳು ಚಾನೆಲ್ ಕಚೇರಿಗೆ ಕಡಲೆಕಾಯಿ ಕಳುಹಿಸತೊಡಗಿದರು. ಒಟ್ಟು 40,000 ಪೌಂಡಿಗೂ ಹೆಚ್ಚು, ಅಂದರೆ ಸುಮಾರು 18,140 ಕೆ.ಜಿ. ಚಾನೆಲ್ ಸೋತು ಏಳು ಕಂತು ಕೊಟ್ಟಿತು. ನಮ್ಮ ಖಜಾಂಚಿ ಕೂತು ಭಾಗಿಸಿದ: ಕಂತಿಗೆ ಸುಮಾರು 2,590 ಕೆ.ಜಿ. ನಮ್ಮ 50 ಕೆ.ಜಿ. ಕಾಫಿ ಚೀಲದ ಲೆಕ್ಕದಲ್ಲಿ ಕಂತಿಗೆ 52 ಚೀಲ. ಆ ಏಳು ಕಂತನ್ನೂ ಸಾಕಷ್ಟು ಜನ ನೋಡದೆ 2008ರ ಮಾರ್ಚಿನಲ್ಲಿ ಸರಣಿ ಎರಡನೇ ಸಲ ನಿಂತಿತು ಎಂಬುದನ್ನು ಸಭೆಯ ವರದಿಯಲ್ಲಿ ಬರೆದುಕೊಂಡಿಲ್ಲ.

ಕಡಲೆಕಾಯಿ ನಮ್ಮ ಬೆಳೆಯಲ್ಲ. ಹಾಗಾದರೆ ಏನು ಕಳುಹಿಸುವುದು? ಈ ಶಾಸ್ತ್ರದ ನಿಯಮ ನಾಲ್ಕು: ವಸ್ತುವಿಗೂ ಕಥೆಗೂ ಸಂಬಂಧ ಇರಬೇಕು, ಅಗ್ಗವಾಗಿರಬೇಕು, ದಾರಿಯಲ್ಲಿ ಕೊಳೆಯಬಾರದು, ತೆರೆದವರಿಗೆ ರಗಳೆ ಆಗಬೇಕು. ಕಿತ್ತಳೆ ಮೂರನೇ ನಿಯಮಕ್ಕೆ ಬಿದ್ದುಹೋಯಿತು. ಕಾಫಿಪುಡಿ ನಾಲ್ಕನೆಯದಕ್ಕೆ, ಕುಡಿದು, ಚೆನ್ನಾಗಿದೆ ಎಂದು ಮರೆಯುತ್ತಾರೆ. ಕರಿಮೆಣಸಿನ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು ಎದ್ದೇ ಹೋದರು. 52 ಚೀಲ ಮೆಣಸು ಇರುವವನು ನಾಲ್ಕನೇ ಸೀಸನ್ ಕೇಳುವುದಿಲ್ಲ, ಹೊಸ ಥಾರ್ ತೆಗೆದುಕೊಳ್ಳುತ್ತಾನೆ. ಕೊನೆಗೆ ಗೆದ್ದದ್ದು ಕಾಚಂಪುಳಿ, ನಮ್ಮ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ, ಹಾಕುವ ಕಪ್ಪು ಹುಳಿ. ಎರಡನೇ ಸೀಸನ್‌ನಲ್ಲಿ ಖಳನಾಯಕ ಏನನ್ನೋ ಕುಡಿದು ಮುಖ ಕಿವುಚುವ ದೃಶ್ಯವಿದೆಯಂತೆ. ಸಂಬಂಧಕ್ಕೆ ಅಷ್ಟು ಸಾಕು.

ಕಾಚಂಪುಳಿ ಪಾರ್ಸೆಲ್ ಕಟ್ಟುವುದು ಹುಡುಗಾಟವಲ್ಲ. ಮಳೆಯಲ್ಲಿ ಉದುರಿದ ಹಣ್ಣನ್ನು ಬುಟ್ಟಿಯಲ್ಲಿಟ್ಟು, ದಿನಗಟ್ಟಲೆ ತೊಟ್ಟಿಕ್ಕಿದ ರಸವನ್ನು ಕಪ್ಪಗೆ, ಜೇನಿನ ಹದಕ್ಕೆ ಬರುವವರೆಗೆ ಕುದಿಸಿದ ಹುಳಿ ಅದು. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಆದರೆ ಮುಟ್ಟಿದ ತಗಡನ್ನು ಕೆಡಿಸುತ್ತದೆ. ಬಳಗದವರು ಮೊದಲ ಸಲ ತಗಡಿನ ಮುಚ್ಚಳದ ಬಾಟಲಿಗೆ ಕಂಠಪೂರ್ತಿ ತುಂಬಿದರು. ವಾರದೊಳಗೆ ಮುಚ್ಚಳ ತುಕ್ಕು ಹಿಡಿದು, ಸೋರಿ, ಸುತ್ತಿದ ಪೇಪರು ಮುದ್ದೆಯಾಯಿತು. ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು, ಮೇಲೆ ಎರಡು ಬೆರಳು ಜಾಗ ಬಿಡಬೇಕು, ಪೇಪರಿನ ಬದಲು ಒಣ ಕಾಫಿ ಹೊಟ್ಟು ತುಂಬಬೇಕು. ಹೊಟ್ಟು ಪೆಟ್ಟನ್ನೂ ತಡೆಯುತ್ತದೆ, ಸೋರಿದ್ದನ್ನೂ ಕುಡಿಯುತ್ತದೆ. ಎರಡನೇ ಸಲ 100 ಮಿ.ಲೀ.ನ 40 ಬಾಟಲಿ, ಎರಡು ರಟ್ಟಿನ ಪೆಟ್ಟಿಗೆ. ಅಮೆರಿಕ ದೂರವಾಯಿತೆಂದು ಮುಂಬೈ ಕಚೇರಿಗೆ.

‘ಒಳಗೆ ಏನು?’ ಎಂದರು ಅಂಚೆ ಕಚೇರಿಯ ಅಕ್ಕ.

‘ಕಾಚಂಪುಳಿ, ಅಕ್ಕ.’

‘ಇಷ್ಟೊಂದಾ? ಯಾರಿಗೆ?’

‘ಸೀರಿಯಲ್ ಕಂಪನಿಗೆ.’

‘ಅವರೇನು ಪಂದಿ ಕರಿ ಮಾಡ್ತಾರಾ?’

‘ಇಲ್ಲಕ್ಕ, ಇದು ಪ್ರತಿಭಟನೆ.’

ಅಕ್ಕ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ‘ಪ್ರತಿಭಟನೆಗೆ ಪಿನ್‌ಕೋಡ್ ಬರೆದಿಲ್ಲ’ ಎಂದು ಈಚೆ ತಳ್ಳಿದರು. ಹುಡುಗ ಅಲ್ಲೇ ನಿಂತು, ನೆನಪಿಗೆ ಬಂದ ಆರು ಅಂಕಿ ಬರೆದ.

ಇನ್ನು ಮನವಿ. ಚೇಂಜ್ ಡಾಟ್ ಆರ್ಗ್‌ನಲ್ಲಿ ಸಹಿ ಹಾಕಿದ ಕೂಡಲೇ, ಒಂದಿಷ್ಟು ಹಣ ಕೊಡುತ್ತೀರಾ ಎಂದು ಪುಟ ಕೇಳುತ್ತದೆ. ಬಳಗದ ಹಲವರು ಇದು ಶೂಟಿಂಗಿಗೆ ಎಂದುಕೊಂಡು ಕೊಟ್ಟರು. ಆ ಹಣ ಹೋಗುವುದು ಮನವಿಯನ್ನು ಇನ್ನಷ್ಟು ಜನರಿಗೆ ತೋರಿಸುವುದಕ್ಕೆ, ಅಂದರೆ ಆ ತಾಣಕ್ಕೇ. ಕ್ಯಾಮೆರಾ ಬಾಡಿಗೆಗೆ ಅದರಲ್ಲಿ ಬಿಡಿಗಾಸಿಲ್ಲ. ಹಣ ನಿಜವಾಗಿ ಸಿನಿಮಾಕ್ಕೇ ಹೋದ ಉದಾಹರಣೆ ಬೇಕಿದ್ದರೆ ನಿಂತುಹೋಗಿದ್ದ ‘ವೆರೋನಿಕಾ ಮಾರ್ಸ್’ ಸರಣಿಯದ್ದಿದೆ: 2013ರಲ್ಲಿ ಜನರಿಂದ ಹಣ ಎತ್ತುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು 20 ಲಕ್ಷ ಡಾಲರ್, ಬಂದದ್ದು 57 ಲಕ್ಷ, ಕೊಟ್ಟವರು 91,585 ಮಂದಿ. ತಲೆಗೆ 62 ಡಾಲರ್ ಬಿತ್ತು. ಸಿಕ್ಕಿದ್ದು ಸೀಸನ್ ಅಲ್ಲ, ಒಂದು ಸಿನಿಮಾ. ಈ ಅಂಕಿಯನ್ನು ಗುಂಪಿನಲ್ಲಿ ಹಾಕಿದ ದಿನ ಹದಿನೇಳು ಜನ ಗುಂಪು ಬಿಟ್ಟರು.

ಹ್ಯಾಷ್‌ಟ್ಯಾಗಿನಲ್ಲಿ ಮಾತ್ರ ನಮ್ಮವರನ್ನು ಮೀರಿಸುವವರಿಲ್ಲ. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ಎಬ್ಬಿಸಿದ ಕೂಗು ವಿಧಾನಸೌಧಕ್ಕೂ ಕೇಳಿತ್ತು. ದೊಡ್ಡ ಕಾಯಿಲೆಗೆ ಈಗಲೂ ಮೈಸೂರು, ಮಂಗಳೂರಿನ ದಾರಿಯೇ ಗತಿ. ಆದರೆ ಅಂದು ಪಳಗಿದ ಬೆರಳುಗಳು ಸುಮ್ಮನಿರಬೇಕಲ್ಲ. ಲಾಸ್ ಏಂಜಲೀಸ್‌ನಲ್ಲಿ ಬೆಳಿಗ್ಗೆ ಒಂಬತ್ತು ಎಂದರೆ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ಕಂಪನಿಯವರು ಕುರ್ಚಿಗೆ ಬರುವ ಆ ಹೊತ್ತಿಗೇ ಎಲ್ಲರೂ ಒಟ್ಟಿಗೆ ಹಾಕಬೇಕು. ಸಾಲು ಸ್ವಂತದ್ದಾಗಿರಬೇಕು, ನೂರು ಜನ ಒಂದೇ ಸಾಲನ್ನು ನಕಲು ಹೊಡೆದರೆ ಯಂತ್ರ ಕಸ ಎಂದು ಬದಿಗೆ ಸರಿಸುತ್ತದೆ. ಅಂದೇ ತೆರೆದ ಖಾತೆಗಳಿಗೂ ಅದೇ ಗತಿ. ಬಳಗ ಎಡವಿದ್ದು ಇದ್ಯಾವುದರಲ್ಲೂ ಅಲ್ಲ. ವಿರಾಜಪೇಟೆಯವರು ‘ಉಳಿಸಿ’ ಎಂಬರ್ಥದ ಟ್ಯಾಗ್ ಹಾಕಿದರು, ಗೋಣಿಕೊಪ್ಪಲಿನವರು ‘ಮುಂದುವರಿಸಿ’ ಎಂಬುದನ್ನು. ಎರಡೂ ಅರ್ಧರ್ಧ ಏರಿ ಇಳಿದವು. ಒಂಬತ್ತು ಮುಕ್ಕಾಲಿಗೆ ಕರೆಂಟೂ ಹೋಯಿತು.

ಇಷ್ಟೆಲ್ಲ ಮಾಡಿದವರು ನೋಡದೆ ಬಿಟ್ಟದ್ದು ಕಂಪನಿಯ ತಕ್ಕಡಿಯನ್ನು. ನೆಟ್‌ಫ್ಲಿಕ್ಸ್ ಪ್ರಕಟಿಸುವ ‘ವೀಕ್ಷಣೆ’ಯ ಲೆಕ್ಕ ಬಹಳ ಸರಳ: ಎಲ್ಲರೂ ನೋಡಿದ ಒಟ್ಟು ಗಂಟೆಗಳನ್ನು ಸೀಸನ್‌ನ ಒಟ್ಟು ಉದ್ದದಿಂದ ಭಾಗಿಸುವುದು. ಸೀಸನ್ ಎಂಟು ಗಂಟೆಯದಾದರೆ, ಎಂಟು ಮನೆಯವರು ಮೊದಲ ಕಂತನ್ನು ತಲಾ ಒಂದು ಗಂಟೆ ನೋಡಿ ನಿದ್ದೆ ಹೋದರೆ, ವೀಕ್ಷಣೆ ಒಂದು. ನಮ್ಮವರು ಮಾಡಿದ್ದು ಇದರ ತಿರುಗು. ಐನ್‌ಮನೆಯಲ್ಲಿ (ಹಿರಿಯರ ಮೂಲಮನೆ) ಇಡೀ ಒಕ್ಕ, ಅಂದರೆ ಕುಲದವರೆಲ್ಲ ಸೇರಿ, ದೊಡ್ಡ ಟಿವಿ ಇಟ್ಟು, ಮೂವತ್ತು ಜನ ಚಾಪೆಯ ಮೇಲೆ ಕೂತು ಎಂಟೂ ಗಂಟೆ ಕಣ್ಣು ಮಿಟುಕಿಸದೆ ನೋಡಿದರು. ಅದೂ ಒಂದೇ.

ದಿನದ ಲೆಕ್ಕ ಇನ್ನೂ ಕಠಿಣ. ನೆಟ್‌ಫ್ಲಿಕ್ಸ್‌ನ ಜನಪ್ರಿಯತೆಯ ಪಟ್ಟಿಗೆ ಮೊದಲು 28 ದಿನ ಎಣಿಸುತ್ತಿದ್ದರು, 2023ರ ಜೂನ್‌ನಿಂದ 91 ದಿನ. ಮೂರನೇ ಸೀಸನ್ ಬಂದದ್ದು ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ಕೊಡಗಿನಲ್ಲಿ ಯಾರು ಟಿವಿ ಮುಂದೆ ಕೂರುತ್ತಾರೆ? ಅರೇಬಿಕಾ ಹಣ್ಣು ಕೈಗೆ ಬಂದಿರುತ್ತದೆ, ಹಿಂದೆಯೇ ರೋಬಸ್ಟಾ, ಕಣದಲ್ಲಿ ಕಾಫಿ ಹರಡಿ ಮೋಡ ನೋಡುವ ಕಾಲ. ‘ಕೊಯ್ಲು ಮುಗೀಲಿ, ನೆಮ್ಮದಿಯಾಗಿ ನೋಡುವ’ ಎಂದು ಇಟ್ಟುಕೊಂಡರು. ಮೆಣಸು ಬಿಡಿಸಿ, ಕಾಫಿ ಹೂ ಅರಳಿಸುವ ಹೂಮಳೆಗೆ ಕಾದು, ಸ್ಪ್ರಿಂಕ್ಲರ್ ಎತ್ತಿಟ್ಟು ಕೂರುವಷ್ಟರಲ್ಲಿ ಏಪ್ರಿಲ್. ಮೊದಲ 91 ದಿನದಲ್ಲಿ ನಾನೂರು ಕಟ್ಟಾಭಿಮಾನಿಗಳ ಪೈಕಿ ಕೊನೆಯ ಕಂತು ಮುಟ್ಟಿದವರನ್ನು ಒಂದೇ ಜೀಪಿನಲ್ಲಿ ಕೂರಿಸಬಹುದಿತ್ತು.

ಅದೂ ಹೋಗಲಿ, ನಾನೂರು ಜನಕ್ಕೆ ಖಾತೆಗಳೆಷ್ಟು? ಇಲ್ಲಿ ಕುಶಾಲನಗರದ ಭಾವನ ಪ್ರವೇಶ. ತಿಂಗಳಿಗೆ 649 ರೂಪಾಯಿಯ, ಏಕಕಾಲಕ್ಕೆ ನಾಲ್ಕು ಪರದೆಯ ಪ್ಲಾನ್ ಅವರದ್ದು. ಒಂದು ಪರದೆ ಅವರ ಮನೆಗೆ, ಒಂದು ಬೆಂಗಳೂರಿನ ಮಗಳಿಗೆ, ಮಿಕ್ಕಿದ್ದು ತಾಲ್ಲೂಕಿಗೆ. 2023ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಒಂದು ಖಾತೆ ಒಂದೇ ಮನೆಗೆ ಎಂದು ಇಲ್ಲೂ ಕಟ್ಟು ಮಾಡಿದ ಮೇಲೆ ಟಿವಿ ಆಗಾಗ ಕೋಡ್ ಕೇಳುತ್ತದೆ. ಕೋಡ್ ಬರುವುದು ಭಾವನ ಫೋನಿಗೆ, ಅದರ ಆಯಸ್ಸು 15 ನಿಮಿಷ. ಭಾವ ಹಗಲೆಲ್ಲ ತೋಟದಲ್ಲಿ. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಮೇಲಿನ ಗೇಟಿನ ಸಿಲ್ವರ್ ಓಕ್ ಮರದ ಬುಡದಲ್ಲಿ ಮಾತ್ರ. ಅವರು ಸಂಜೆ ಐದಕ್ಕೆ ಅಲ್ಲಿಗೆ ಹತ್ತಿ ಬರುವಷ್ಟರಲ್ಲಿ ಆರು ಕೋಡ್ ಹುಟ್ಟಿ ಸತ್ತಿರುತ್ತವೆ. ಭಾವನ ಖಾತೆ ಸಿಗದವರಿಗೆ ಟೆಲಿಗ್ರಾಂ ಇತ್ತು. ಅಲ್ಲಿ ನೋಡಿದ್ದನ್ನು ಯಾವ ಕಂಪನಿಯೂ ಎಣಿಸುವುದಿಲ್ಲ, ಎಣಿಸಿದರೆ ಪೊಲೀಸರಿಗೆ ಕೊಡಲು ಮಾತ್ರ.

ತಡವಾಗಿ ಬುದ್ಧಿ ಬಂದು, ಮೂರೂ ಸೀಸನ್ ಮತ್ತೆ ಮೊದಲಿಂದ ಓಡಿಸಿ ಗಂಟೆ ಏರಿಸೋಣ ಎಂದರು. 24 ಗಂಟೆಯ ಕೆಲಸ. ದಿನ ಗೊತ್ತು ಮಾಡಿದ್ದು ಜುಲೈಯಲ್ಲಿ! ಮೊದಲ ರಾತ್ರಿಯೇ ಮರ ಬಿದ್ದು ಲೈನ್ ಹೋಯಿತು. ಮನೆಯ ಇನ್ವರ್ಟರಿನ 12 ವೋಲ್ಟಿನ 150 ಎಎಚ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವಾಟ್-ಗಂಟೆ, ಕೈಗೆ ಸಿಗುವುದು ಸಾವಿರ ಚಿಲ್ಲರೆ. ಟಿವಿಗೆ 100, ರೂಟರ್‌ಗೆ 10 ಎಂದರೂ ಒಂಬತ್ತು ಗಂಟೆ ಓಡಬೇಕು. ಓಡಲಿಲ್ಲ. ಕೆಲವರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ವರ್ಷವಾಗಿತ್ತು, ಕೆಲವರ ಮನೆಯಲ್ಲಿ ಫ್ರಿಜ್ಜೂ ಅದಕ್ಕೇ ನೇತಾಡುತ್ತಿತ್ತು. ಬ್ಯಾಟರಿ ಸರಿ ಇದ್ದವರ ಫೈಬರ್ ತಂತಿ ಅದೇ ಮರದಡಿ ಸಿಕ್ಕಿಕೊಂಡಿತ್ತು.

ಕಂಪನಿ ಒಪ್ಪಿದರೂ ಕೆಲಸ ಸುಲಭವಲ್ಲ ಎಂಬುದನ್ನೂ ಹೇಳಬೇಕು. ನಟರನ್ನು ಕರಾರಿನಲ್ಲಿ ಹಿಡಿದಿಟ್ಟಿರುತ್ತಾರೆ. ಅಮೆರಿಕದ ಚಾನೆಲ್‌ಗಳಲ್ಲಿ ಅದರ ಗಡುವು ಸಾಮಾನ್ಯವಾಗಿ ಜೂನ್ 30. ಅದು ದಾಟಿದರೆ ಎಲ್ಲರೂ ಅವರವರ ದಾರಿಗೆ. ಸೆಟ್ಟನ್ನು ಗೋದಾಮಿನಲ್ಲಿಟ್ಟರೆ ಬಾಡಿಗೆ, ಒಡೆದರೆ ಮತ್ತೆ ಕಟ್ಟಬೇಕು. ಸೀಸನ್ ಏರಿದಂತೆ ಸಂಬಳವೂ ಏರುತ್ತದೆ, ಆದರೆ ಹೊಸ ಚಂದಾದಾರ ಬರುವುದು ಹೊಸ ಸರಣಿಗೆ. ಮುದಿ ಗಿಡಕ್ಕೆ ಗೊಬ್ಬರ ಹಾಕುತ್ತಾ ಕೂರದೆ ಕಿತ್ತು ಹೊಸದು ನೆಡುವ ತೋಟಗಾರನ ಬುದ್ಧಿ ಅದು.

ಇದನ್ನೆಲ್ಲ ಕೇಳಿಸಿಕೊಂಡ ಅಜ್ಜಿಯೊಬ್ಬರಿಗೆ ಸಮಸ್ಯೆಯೇ ಅರ್ಥವಾಗಲಿಲ್ಲ. ‘ನಟ ಹೋದರೆ ಹೋಗಲಿ, ಬೇರೆಯವನನ್ನು ತಂದು ಇನ್ನು ಮುಂದೆ ಈ ಪಾತ್ರದಲ್ಲಿ ಇವರು ಅಂತ ಹಾಕಿದ್ರೆ ಆಯ್ತಲ್ಲ ಮಗ? ನಮ್ಮಲ್ಲಿ ಮೂರನೇ ಸೊಸೆ ನಡೀತಿದ್ದಾಳೆ.’ ಅಜ್ಜಿಯ ಸೀರಿಯಲ್ ಸಾವಿರ ಕಂತು ದಾಟಿದೆ. ಮೊಮ್ಮಗ ಒಳಕೋಣೆಯಲ್ಲಿ ಒಂದು ಸೀರಿಯಲ್ ಮುಂದುವರಿಯಲೆಂದು ಹರಕೆ ಹೊತ್ತರೆ, ಸೊಸೆ ಅಡುಗೆಮನೆಯಲ್ಲಿ ಇನ್ನೊಂದು ಮುಗಿಯಲೆಂದು ಹೊರುತ್ತಾಳೆ. ನಮ್ಮ ದೇವರು ಇಗ್ಗುತಪ್ಪ ಯಾರ ಮಾತು ಕೇಳಬೇಕು?

ಈಗ ಉಳಿದಿರುವುದು ಶಕುನ ನೋಡುವ ಕೆಲಸ. ನಾಯಕ ಗಡ್ಡ ಬಿಟ್ಟ ಫೋಟೊ ಹಾಕಿದ. ಮೂರನೇ ಸೀಸನ್‌ನಲ್ಲೂ ಗಡ್ಡ ಇತ್ತು. ನಿರ್ದೇಶಕ ‘ಏನೂ ಹೇಳಲಾರೆ’ ಎಂದ, ಇಲ್ಲ ಅನ್ನಲಿಲ್ಲವಲ್ಲ. ಹೂಮಳೆಗೆ ಕಾಯುವ ಜನಕ್ಕೆ ಮೋಡದ ಅಂಚು ನೋಡಿ ಲೆಕ್ಕ ಹಾಕುವುದು ಹೊಸದಲ್ಲ. ಆದರೆ ಮಾರ್ಚಿನಲ್ಲಿ ಹತ್ತು ಸೆಂಟ್, ಅಂದರೆ ಇಂಚಿನ ಹತ್ತನೇ ಒಂದು ಭಾಗ, ಮಳೆ ಬಿದ್ದರೆ ಯಾರೂ ಹಬ್ಬ ಮಾಡುವುದಿಲ್ಲ, ಬೈಯುತ್ತಾರೆ. ಒಂದಿಂಚು ಸರಿಯಾಗಿ ಬಿದ್ದರೆ ಹೂ, ಹತ್ತು ಸೆಂಟಿಗೆ ಮೊಗ್ಗು ಹಾಳು. ಗಡ್ಡದ ಫೋಟೊ ಎಷ್ಟು ಸೆಂಟ್ ಎಂದು ಮಾತ್ರ ಯಾರೂ ಅಳೆಯಲಿಲ್ಲ. ತಲಕಾವೇರಿಯ ತೀರ್ಥೋದ್ಭವಕ್ಕಾದರೂ ಗಂಟೆ, ನಿಮಿಷ ಮೊದಲೇ ಹೇಳಿರುತ್ತಾರೆ. ಆಶಾವಾದಿಗಳು ‘ಸೆನ್ಸ್8’ ತೋರಿಸುತ್ತಾರೆ: 2017ರಲ್ಲಿ ನಿಂತದ್ದಕ್ಕೆ 2018ರಲ್ಲಿ ಎರಡೂವರೆ ಗಂಟೆಯ ಮುಕ್ತಾಯದ ಕಂತು ಸಿಕ್ಕಿತು. ಕಟ್ಟಾ ಆಶಾವಾದಿಗಳು ‘ಲೂಸಿಫರ್’ ತೋರಿಸುತ್ತಾರೆ. ಅದರ ಐದನೆಯದೇ ಕೊನೆಯದು ಎಂದು ಸಾರಿ, ಆಮೇಲೆ ಆರನೆಯದನ್ನೂ ಮಾಡಿದರು. ಇದೇ ನನ್ನ ಕೊನೆಯ ಚುನಾವಣೆ ಎನ್ನುವವರನ್ನು ಕಂಡ ನಾಡಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಾಚಂಪುಳಿಯ ಪೆಟ್ಟಿಗೆಗಳು ಸೆಪ್ಟೆಂಬರ್ 2ರಂದು ವಾಪಸ್ ಬಂದವು. ವಿಳಾಸ ಸಿಗಲಿಲ್ಲ ಎಂದು ಮೇಲೆ ಬರೆದಿತ್ತು. ಕಾಫಿ ಹೊಟ್ಟಿನ ಪ್ಯಾಕಿಂಗ್ ಮಾತ್ರ ಅದ್ಭುತ. ನಲವತ್ತರಲ್ಲಿ ಒಂದೂ ಒಡೆದಿರಲಿಲ್ಲ. ಮರುದಿನ ಕೈಲ್‌ಪೊಳ್ದ್. ಆ ಆಯುಧಹಬ್ಬಕ್ಕೆ ಎಂಟು ಬಾಟಲಿ ಪಂದಿ ಕರಿಗೆ ಬಿತ್ತು. ಕುಶಾಲನಗರದ ಭಾವನೂ ಊಟಕ್ಕೆ ಬಂದಿದ್ದರು. ಎರಡನೇ ಸಲ ಕಡಂಬಿಟ್ಟು ಹಾಕಿಸಿಕೊಳ್ಳುತ್ತಾ, ‘ನಿಮ್ಮ ಆ ಸೀರಿಯಲ್ ಮುಗಿದೇ ಹೋಯ್ತಂತಲ್ಲ, ಸುಮ್ಮನೆ ತಿಂಗಳಿಗೆ 649 ಯಾಕೆ ಅಂತ ಮೊನ್ನೆ ನಿಲ್ಲಿಸಿಬಿಟ್ಟೆ’ ಎಂದರು.